ಹಿಮ್ಮಡಿಯ ಕಲೆ

ಲಕ್ವ ಹೊಡೆದ ಅಜ್ಜಿಯೊಬ್ಬರನ್ನು ನೋಡಿಕೊಳ್ಳಲು ನಾನು ಆ ಮನೆಗೆ ಸೇರಿದ್ದೆ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನು ಸೊಂಟ ಒರೆಸಿ ಒಣಗಿಸುತ್ತಿದ್ದೆ. ಅವರ ಮೈಮೇಲೆ ಒಂದು ಕೆಂಪು ಗುರುತೂ ಇರಲಿಲ್ಲ.

ಆದರೂ ಮೂರನೆಯ ದಿನ ಮಧ್ಯಾಹ್ನ ಹಾಸಿಗೆ ಕೀವಿನಿಂದ ಒದ್ದೆಯಾಗಿತ್ತು. ಬೆಚ್ಚಗಿನ ಹಳದಿ ಲೋಳೆ ಬೆರಳಿಗೆ ಅಂಟಿತು. ಕೊಳೆತ ಮಾಂಸದ ನಾತ. ಹೊಸ ಬಟ್ಟೆ ಹಾಸಿದರೆ ಗಂಟೆಯೊಳಗೆ ಮತ್ತೆ ಅದೇ ಗತಿ. ಸೊಂಟದಡಿ ಒಂದು ಕಲೆ. ಇನ್ನೆರಡು ಅಜ್ಜಿಯ ಪಾದಕ್ಕಿಂತ ಒಂದು ಗೇಣು ಕೆಳಗೆ, ಎತ್ತರದ ಆಳೊಬ್ಬನ ಹಿಮ್ಮಡಿ ಇರಬೇಕಾದಲ್ಲಿ.

ಅಜ್ಜಿಯ ಸೊಸೆಯನ್ನು ಕರೆದು ತೋರಿಸಿದೆ. ಅವಳು ಮೂಗು ಮುಚ್ಚಿಕೊಂಡಳು.

"ನಮ್ಮ ಮಾವನೂ ಇದೇ ಮಂಚದ ಮೇಲೆ ಮಲಗಿದ್ರು, ಅಕ್ಕಾ. ಏಳು ತಿಂಗಳು. ಹೋಗೋವರೆಗೂ."

"ಮಗ್ಗುಲು ಯಾರು ಬದಲಿಸ್ತಿದ್ರು?"

ಅವಳು ಒಳಗೆ ಹೋದಳು.

ಅಜ್ಜಿಯನ್ನು ಕುರ್ಚಿಗೆ ಒರಗಿಸಿ ಕೂರಿಸಿದೆ. ಏನು ತೋಚಿತೋ, ಹೇಸಿಗೆ ನುಂಗಿಕೊಂಡು ಖಾಲಿ ಹಾಸಿಗೆಯತ್ತ ಬಾಗಿ, "ಸ್ವಲ್ಪ ಮಗ್ಗುಲಾಗಿ, ಅಜ್ಜಾ," ಎಂದು ಕಲೆಗಳ ಮೇಲೆ ಕೈ ಚಾಚಿದೆ.

ಇಪ್ಪತ್ತು ವರ್ಷ ರೋಗಿಗಳನ್ನು ಹೊರಳಿಸಿದ ಕೈ ನನ್ನದು, ಅದಕ್ಕೆ ಮನುಷ್ಯರ ಭಾರ ಗೊತ್ತು. ಚರ್ಮ ಸುಲಿದ ಒದ್ದೆ ಬೆನ್ನೊಂದು ನನ್ನ ಅಂಗೈ ಮೇಲೆ ಭಾರ ಬಿಟ್ಟು, ನಿಧಾನವಾಗಿ ಹೊರಳಿತು.