ಟಿಂಕರ್ ಕಣಿವೆಯ ಮುಚ್ಚಿದ ಗುಂಡಿ

“ಕಳ್ಳತನ! ನನ್ನ ಚಿನ್ನದ ಗಟ್ಟಿ ಹೋಯ್ತು! ಯಾರೂ ಎಲ್ಲಿಗೂ ಹೋಗ್ಬೇಡಿ!”

ಭಾನುವಾರ ಬೆಳಿಗ್ಗೆ ಏಳು ಗಂಟೆ. ಬೆಂಕಿಯ ಮೇಲಿಟ್ಟ ಚಹಾ ಇನ್ನೂ ಕುದಿ ಬಂದಿರಲಿಲ್ಲ. ಹವ್ಯಾಸಕ್ಕೆ ಚಿನ್ನ ಹುಡುಕುವವರ ಕ್ಲಬ್ಬಿನ ಅಧ್ಯಕ್ಷ ಬ್ಯಾರಿ ಹಾಸ್ಕಿನ್ ತನ್ನ ಕ್ಯಾರವಾನ್ ಗಾಡಿಯ ಮೆಟ್ಟಿಲ ಮೇಲೆ ನಿಂತು ಖಾಲಿ ಸೀಸೆಯೊಂದನ್ನು ಎತ್ತಿ ತೋರಿಸುತ್ತಿದ್ದ. ಡೇರೆಗಳಿಂದ ಹದಿನಾಲ್ಕು ಮಂದಿ ಹೊರಬಂದರು.

“ಅರವತ್ತೆರಡು ಗ್ರಾಂ! ನಿನ್ನೆ ಟಿಂಕರ್ ಕಣಿವೇಲಿ ಅಗೆದಿದ್ದು. ಇವತ್ತು ತಿಂಡಿ ಹೊತ್ತಿಗೆ ಎಲ್ರಿಗೂ ತೋರಿಸೋಣ ಅಂತಿದ್ದೆ. ಎಲ್ರ ಚೀಲಾನೂ ನೋಡ್ಲೇಬೇಕು, ನಂದೂ ಸೇರಿಸಿ!”

ಎಲ್ಲರ ಚೀಲ ಎಂದದ್ದು ಬರೀ ಬಾಯಿಮಾತು. ಜನ ನೆಟ್ಟಗೆ ನುಗ್ಗಿದ್ದು ಕೆಲ್ ಡ್ವಾಯರನ ಡೇರೆಗೆ. ಕಾಲುಚೀಲದೊಳಗೆ ಗಟ್ಟಿ ಸಿಕ್ಕಿತು. ಐದು ನಿಮಿಷವೂ ಹಿಡಿಯಲಿಲ್ಲ.

“ಅದು ನಂದು,” ಎಂದ ಕೆಲ್. “ನಾನು ಅಗೆದಿದ್ದು.”

“ಜೈಲಿನ ಹಕ್ಕಿ ಹಾಡೋದೇ ಹಾಗೆ!” ಎಂದರು ಯಾರೋ. ನಕ್ಕರು ಬೇರೆ!

ನೋರೀನ್ ಟ್ರೆವಾಸ್ಕಿಸ್‌ಗೆ ಮೈಯೆಲ್ಲ ಉರಿಯಿತು. ಎಪ್ಪತ್ತೊಂದರ ಹೆಂಗಸು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಕೂತು, ಜನ ಬರೆದುಕೊಡುತ್ತಿದ್ದ ಸುಳ್ಳುಗಳನ್ನು ಹೆಕ್ಕಿ ಹೆಕ್ಕಿ ತೆಗೆದವಳು. ಕೆಲ್‌ನನ್ನು ಕ್ಲಬ್ಬಿಗೆ ಕರೆತಂದವಳೂ ಅವಳೇ, ನೆಲದಡಿಯ ಲೋಹ ಹುಡುಕುವ ತನ್ನ ಹಳೆಯ ಡಿಟೆಕ್ಟರನ್ನು ಅವನ ಕೈಗೆ ಕೊಟ್ಟವಳೂ ಅವಳೇ. ಕದ್ದ ಕಾರು ಓಡಿಸಿದ್ದಕ್ಕೆ ಒಳಗೆ ಹೋಗಿ ಬಂದಿದ್ದ ಅವನು ಈಗ ಪೆರೋಲ್ ಮೇಲೆ ಹೊರಗಿದ್ದ. ಇನ್ನು ನಾಲ್ಕು ತಿಂಗಳು ಕಳೆದರೆ ಸ್ವತಂತ್ರ. ಇವತ್ತು ಪೊಲೀಸರು ಕಳ್ಳನೆಂದು ಬರೆದುಕೊಂಡರೆ ಸಂಜೆಯೊಳಗೆ ಮತ್ತೆ ಒಳಗೆ. ಇದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ರೊಟ್ಟಿಗೆ ಜಾಮ್ ಸವರಿಕೊಂಡು ತಮಾಷೆ ನೋಡುತ್ತಿದ್ದರಲ್ಲ, ಆ ಜನರನ್ನು ಏನೆನ್ನಬೇಕು?

ಒಂಬತ್ತಕ್ಕೆ ಊರಿನ ಠಾಣೆಯಿಂದ ಕಾನ್‌ಸ್ಟೇಬಲ್ ಲಿನ್ ಟ್ರಾನ್ ಬಂದಳು. ಬ್ಯಾರಿ ತನ್ನ ಫೋನ್ ಮುಂದೆ ಹಿಡಿದ.

“ನೋಡಮ್ಮ. ನನ್ನ ತಕ್ಕಡಿ, ನನ್ನ ಮೇಜು, ಅದರ ಮೇಲೆ ಗಟ್ಟಿ. ಫೋಟೊ ತೆಗೆದಿದ್ದು ನಿನ್ನೆ ಬೆಳಿಗ್ಗೆ ಹನ್ನೊಂದು ಐವತ್ತಕ್ಕೆ. ಇನ್ನೇನು ಸಾಕ್ಷಿ ಬೇಕು?”

ಟ್ರಾನ್ ಕೆಲ್ ಕಡೆ ತಿರುಗಿದಳು. “ನೀನೇನು ಹೇಳ್ತೀಯ?”

“ನಾನೇ ಅವ್ರ ಹತ್ರ ತಗೊಂಡೋಗಿದ್ದೆ, ತೂಕ ಮಾಡಿ ಅಂತ. ಎಲ್ಲಿ ಸಿಕ್ತು ಅಂತ ಕೇಳಿದ್ರು, ಹೇಳ್ದೆ. ಫೋಟೊ ತೆಗೆದ್ರು. ‘ಬಾಯಿ ಬಿಡಬೇಡ, ಸುದ್ದಿ ಹರಡಿದ್ರೆ ಜಿಲ್ಲೆಗೆ ಜಿಲ್ಲೇನೇ ಬಂದು ಕಣಿವೆ ಅಗೆದು ಹಾಕುತ್ತೆ. ಬಚ್ಚಿಟ್ಕೊ, ನಾಳೆ ತಿಂಡಿ ಹೊತ್ತಿಗೆ ನಾನೇ ಹೇಳ್ತೀನಿ’ ಅಂದ್ರು.”

“ಕಥೆ!” ಎಂದ ಬ್ಯಾರಿ. “ಎಷ್ಟು ಚೆನ್ನಾಗಿ ಕಟ್ತಾನೆ ನೋಡಿ.”

ಟ್ರಾನ್ ನಿಟ್ಟುಸಿರು ಬಿಟ್ಟಳು. “ನೀನು ಜೊತೆಗೆ ಬರ್ಬೇಕಾಗುತ್ತೆ ಕೆಲ್.”

“ಅರ್ಧ ಗಂಟೆ ಕೊಡಮ್ಮ,” ಎಂದಳು ನೋರೀನ್. “ಗಟ್ಟಿ ಹುಟ್ಟಿದ ಜಾಗಾನ ಯಾರೂ ನೋಡೇ ಇಲ್ವಲ್ಲ?”

“ಅದ್ಯಾಕಜ್ಜಿ ಈಗ?” ಬ್ಯಾರಿ ನಕ್ಕ. “ನಿನ್ನೆಯೆಲ್ಲ ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ ಅಂತಿದ್ದೆ. ಎದೆ ಮೇಲಿನ ಬಿಲ್ಲೇನೂ ಕಳ್ಕೊಂಡಿದ್ದೀಯ. ಹೋಗಿ ಮಲಕ್ಕೊ.”

ಕ್ಲಬ್ಬಿಗೆ ನಲವತ್ತು ವರ್ಷ ತುಂಬಿದ ನೆನಪಿಗೆಂದು ಮಾಡಿಸಿದ ತಗಡಿನ ಬಿಲ್ಲೆ ಅದು. ಪೆಟ್ಟಿಗೆ ಬಿಚ್ಚಿ, ಒಬ್ಬೊಬ್ಬರ ನಂಬರು ಕೂಗಿ, ಬ್ಯಾರಿಯೇ ನಿನ್ನೆ ಊಟದ ಹೊತ್ತಿಗೆ ಎಲ್ಲರ ಅಂಗಿಗೆ ಚುಚ್ಚಿದ್ದ. ಕೆಲ್ ಒಬ್ಬನಿಗೆ ಮಾತ್ರ “ಒಂದು ಕಡಿಮೆ ಬಿತ್ತು ಕಣಯ್ಯ” ಅಂದಿದ್ದ. ಆಗಲೂ ನೋರೀನ್‌ಗೆ ಸಿಟ್ಟು ಬಂದಿತ್ತು. ಆಗ ನುಂಗಿಕೊಂಡಿದ್ದಳು. ಈಗ ನುಂಗುವುದಿಲ್ಲ.

“ಮಲಕ್ಕೋತೀನಿ, ಅದಕ್ಕೇನು ಅವಸರ. ನಡೀ ಮುಂದೆ,” ಎಂದವಳು ತನ್ನ ಡಿಟೆಕ್ಟರನ್ನು ಹೆಗಲಿಗೇರಿಸಿದಳು.

ಬ್ಯಾರಿ ತಡವರಿಸದೆ ದಾರಿ ತೋರಿಸಿದ. ಐರನ್‌ಬಾರ್ಕ್ ಮರಗಳ ನಡುವೆ ಕಾಲು ಮೈಲಿ ಇಳಿದರೆ ಒಣಗಿದ ತೊರೆ, ಅದರ ದಡದಲ್ಲಿ ಬಿಳಿ ಕಲ್ಲಿನ ರಾಶಿ. ರಾಶಿಯ ಪಕ್ಕದಲ್ಲಿ ಹೊಸದಾಗಿ ಮುಚ್ಚಿ ತುಳಿದ ಮಣ್ಣು, ಮೇಲೊಂದು ಒಣ ಕೊಂಬೆ.

“ಇದೇ,” ಎಂದ ಬ್ಯಾರಿ.

“ಇದೇ,” ಎಂದ ಕೆಲ್ ಕೂಡ, ಮೆಲ್ಲಗೆ.

ನೋರೀನ್ ಆ ಕೊಂಬೆಯನ್ನೇ ನೋಡಿದಳು. ಅದರ ಗುರುತು ಅವಳಿಗೆ ಸಿಕ್ಕಿತು. ಆದರೆ ಸುಳ್ಳುಗಾರನ ಮಾತಿಗೆ ಅಡ್ಡ ಬರಬಾರದು, ಪೂರ್ತಿ ಹೇಳಲು ಬಿಡಬೇಕು. ಮೂವತ್ತು ವರ್ಷದ ಪಾಠ ಅದು.

“ಎಷ್ಟೊತ್ತಿಗೆ ಸಿಕ್ತು ಬ್ಯಾರಿ?”

“ಹತ್ತೂವರೆ. ಎರಡಡಿ ಆಳದಲ್ಲಿ.”

“ಆಮೇಲೆ?”

“ಆಮೇಲೇನು? ಯಂತ್ರ ಇನ್ನೊಂದ್ಸಲ ಗುಂಡಿಯೊಳಗೆ ಆಡಿಸ್ದೆ. ಒಂದಿದ್ದ ಕಡೆ ಇನ್ನೊಂದಿರುತ್ತಲ್ವಾ? ಏನೂ ಇಲ್ಲ, ತೆಪ್ಪಗಿತ್ತು. ಮಣ್ಣು ಮುಚ್ಚಿ, ತುಳಿದು, ಈ ಕೊಂಬೆ ಎಳೆದು ಹಾಕಿ ಹೊರಟೆ.”

“ಯಾವಾಗ ಮುಚ್ಚಿದ್ದು?”

“ಆಗ್ಲೇ. ಹನ್ನೊಂದಕ್ಕೆಲ್ಲ ಮುಗೀತು. ಯಾರಿಗೆ ಕೇಳ್ತಿದ್ದೀಯ ಈ ಪ್ರಶ್ನೆ? ನಲವತ್ತು ವರ್ಷದಲ್ಲಿ ಬ್ಯಾರಿ ಹಾಸ್ಕಿನ್ ಒಂದು ಗುಂಡೀನೂ ತೆರೆದು ಬಿಟ್ಟವನಲ್ಲ! ಕ್ಲಬ್ಬಿನ ಮೊದಲ್ನೇ ನಿಯಮ ಬರೆದವನೇ ನಾನು!”

ಹೌದು, ಹೌದು, ಎಂದರು ಜನ. ತೆರೆದ ಗುಂಡಿಗೆ ಕಾಂಗರೂ ಕಾಲಿಟ್ಟು ಮೂಳೆ ಮುರಿದುಕೊಳ್ಳುತ್ತದೆ, ಅರಣ್ಯದವರು ಇಡೀ ಕ್ಲಬ್ಬನ್ನೇ ಹೊರಗೆ ಅಟ್ಟುತ್ತಾರೆ. ಗುಂಡಿ ಮುಚ್ಚದವನೆಂದರೆ ಇಲ್ಲಿ ಕಳ್ಳನಿಗಿಂತ ಒಂದೇ ಮೆಟ್ಟಿಲು ಮೇಲೆ.

“ಆಮೇಲೆ ಯಾರಾದ್ರೂ ಕೆದಕಿದ್ದಾರಾ? ಚೆನ್ನಾಗಿ ನೋಡಿ ಹೇಳು.”

ಬ್ಯಾರಿ ಬಗ್ಗಿ ನೋಡಿದ. “ಇಲ್ಲ. ನಾನಿಟ್ಟ ಕೊಂಬೆ ಇಟ್ಟ ಹಾಗೇ ಇದೆ.”

“ಬರ್ಕೊಂಡ್ಯೇನಮ್ಮ?” ಎಂದಳು ನೋರೀನ್. ಟ್ರಾನ್ ತಲೆಯಾಡಿಸಿದಳು.

“ಈಗ ನೀನು ಹೇಳು ಕೆಲ್. ಗಟ್ಟಿ ಸಿಕ್ಕಿದ್ಮೇಲೆ ಗುಂಡಿ ಮುಚ್ಚಿದ್ಯಾ?”

ಕೆಲ್ ತಲೆ ತಗ್ಗಿಸಿದ. ಕಿವಿ ಕೆಂಪಾದವು.

“ನಿಜ ಹೇಳು.”

“ಇಲ್ಲ ನೋರೀನ್... ಮುಚ್ಚಲಿಲ್ಲ. ಮೊದಲ್ನೇ ಗಟ್ಟಿ. ಮೂರು ವರ್ಷ ಬರೀ ಮೊಳೆ, ಸೀಸದ ಗುಂಡು. ಇದು ಕೈಗೆ ಸಿಕ್ಕಿದ್ಮೇಲೆ ತಲೇನೇ ಓಡ್ಲಿಲ್ಲ. ಎದ್ದೆನೋ ಬಿದ್ದೆನೋ ಅಂತ ಓಡಿದೆ. ಸಂಜೆ ಮುಚ್ಚೋಣ ಅಂತ ಬಂದ್ರೆ ಯಾರೋ ಮುಚ್ಚಿದ್ರು.”

“ನೋಡಿದ್ರಾ!” ಬ್ಯಾರಿ ಚಪ್ಪಾಳೆ ತಟ್ಟಿದ. “ಗುಂಡಿ ತೆರೆದು ಬಿಟ್ಟೆ ಅಂತ ಬಾಯಿಬಿಟ್ಟು ಹೇಳ್ತಾನೆ! ಇವನಿಗೆ ಸುಳ್ಳು ಹೇಳೋಕೂ ನೆಟ್ಟಗೆ ಬರಲ್ಲ!”

“ಹೌದು, ಬರಲ್ಲ,” ಎಂದಳು ನೋರೀನ್. “ಕೊಂಬೆ ಆಚೆ ಎಳೀರಿ.”

ಅವಳು ಡಿಟೆಕ್ಟರ್ ಚಾಲೂ ಮಾಡಿ, ಹೆಡ್‌ಫೋನಿನ ತಂತಿ ಕಿತ್ತು, ಎಲ್ಲರಿಗೂ ಕೇಳುವಂತೆ ಮಣ್ಣಿನ ಮೇಲೆ ಆಡಿಸಿದಳು. ಎಡಕ್ಕೆ — ಸದ್ದಿಲ್ಲ. ಬಲಕ್ಕೆ — ಸದ್ದಿಲ್ಲ. ನಡುವೆ ಯಂತ್ರ ಕುಯ್ಯೆಂದು ಅರಚಿತು.

“ಇನ್ನೊಂದು ಗಟ್ಟಿ!” ಹಿಂದಿನಿಂದ ಯಾರೋ ಕೂಗಿದರು. ಆ ಆಸೆಗೆ ಮಾತ್ರ ಬರಗಾಲವಿಲ್ಲ!

ನೋರೀನ್ ಯಂತ್ರ ಕೆಳಗಿಟ್ಟಳು.

“ತೆಪ್ಪಗಿದ್ದ ಗುಂಡಿ ಹನ್ನೊಂದಕ್ಕೆ ಮುಚ್ಕೊಂಡ್ರೆ, ಒಳಗೆ ಲೋಹ ಎಲ್ಲಿಂದ ಬಂತು? ಅಗೀಮ್ಮ, ನೀನೇ ಅಗಿ. ನಾವು ಯಾರೂ ಮುಟ್ಟಲ್ಲ.”

ಟ್ರಾನ್ ಅಗೆದಳು. ಒಂದೂವರೆ ಅಡಿ ಇಳಿದ ಮೇಲೆ ಮಣ್ಣಿನಲ್ಲಿ ಏನೋ ಹೊಳೆಯಿತು. ಎತ್ತಿ ಒರೆಸಿದಳು. ತಗಡಿನ ಬಿಲ್ಲೆ. ಕ್ಲಬ್ಬಿನ ಮುದ್ರೆ, ನಲವತ್ತು ಎಂಬ ಅಂಕಿ, ಕೆಳಗೆ ನಂಬರು ಏಳು.

“ಏಳು ಯಾರದು?” ಎಂದಳು ಟ್ರಾನ್.

“ನಂದು,” ಎಂದಳು ನೋರೀನ್. “ನಿನ್ನೆ ಮೂರು ಗಂಟೆಗೆ ಈ ದಾರೀಲಿ ಬಂದೆ. ಗುಂಡಿ ಬಾಯ್ತೆರೆದು ಕೂತಿತ್ತು. ಯಾವ ಬೇಜವಾಬ್ದಾರಿ ಮುಂಡೇದು ಬಿಟ್ಟು ಹೋಯ್ತೋ ಅಂತ ಬೈಕೊಂಡೇ ಮುಚ್ಚಿದೆ. ಈ ಕೊಂಬೆ ಎಳೆದು ಹಾಕಿದ್ದೂ ನಾನೇ. ಸೊಂಟ ಹಿಡಿದಿದ್ದು ಆವಾಗ್ಲೇ. ಬಗ್ಗಿದಾಗ ಬಿಲ್ಲೆ ಒಳಗೆ ಬಿದ್ದಿದೆ. ಈ ಬಿಲ್ಲೆಗಳು ಪೆಟ್ಟಿಗೆಯಿಂದ ಹೊರಗೆ ಬಂದಿದ್ದು ಯಾವಾಗ? ಊಟದ ಹೊತ್ತಿಗೆ. ಚುಚ್ಚಿದ್ದು ಯಾರು? ಇವನೇ! ಹನ್ನೊಂದಕ್ಕೆ ಮುಚ್ಚಿದ ಗುಂಡಿಯೊಳಗೆ ಮಧ್ಯಾಹ್ನದ ಬಿಲ್ಲೆ ಹೇಗೆ ಹೋಯ್ತು ಬ್ಯಾರಿ?”

“ಯಾರೋ... ಯಾರೋ ಮತ್ತೆ ಅಗೆದಿದ್ದಾರೆ.”

“ಇಟ್ಟ ಕೊಂಬೆ ಇಟ್ಟ ಹಾಗೇ ಇದೆ ಅಂತ ಈಗ್ತಾನೆ ಅಂದ್ಯಲ್ಲ? ಆಯಮ್ಮ ಬರ್ಕೊಂಡಿದ್ದಾಳೆ!”

ಬ್ಯಾರಿ ಒಂದು ಹೆಜ್ಜೆ ಹಿಂದೆ ಸರಿದ. ನೋರೀನ್ ಜನರ ಕಡೆ ತಿರುಗಿದಳು.

“ಇವನು ಕದಿಯೋಕೂ ಹೋಗ್ಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು! ಹುಡುಗ ನಂಬಿ ಜಾಗ ಹೇಳ್ದ, ಇವನು ಮೂರರ ಮೇಲೆ ಬಂದು ನೋಡ್ದ. ಗುಂಡಿ ಅಂದವಾಗಿ ಮುಚ್ಚಿತ್ತು, ಕೆಲ್ಲೇ ಮುಚ್ಚಿರ್ತಾನೆ ಅಂದ್ಕೊಂಡ. ಬೆಳಿಗ್ಗೆ ಎದ್ದು ಬೊಬ್ಬೆ ಹೊಡೆದ್ರೆ ಸಾಕು, ಉಳಿದ ಕೆಲಸ ನೀವೇ ಮಾಡ್ತೀರಿ ಅಂತ ಗೊತ್ತಿತ್ತು ಇವನಿಗೆ. ಮಾಡಿದ್ರಲ್ಲ! ಮೊಸರನ್ನ ತಿಂದ ಕೋತಿ ಮೇಕೆ ಬಾಯಿಗೆ ಒರೆಸ್ತಂತೆ. ಕೋತಿ ಒಂದೇ ಅಂದ್ಕೊಂಡಿದ್ದೆ. ಮೇಕೇನ ಹಿಡ್ಕೊಂಡು ನಿಂತಿದ್ದೋರು ಹನ್ನೆರಡು ಜನ! ಒಬ್ರಾದ್ರೂ ‘ಏನಾಯ್ತಪ್ಪ’ ಅಂತ ಅವನನ್ನ ಕೇಳಿದ್ರಾ?”

ಬೆಳಿಗ್ಗೆ ಕೆಲ್‌ನ ಕಾಲುಚೀಲ ಬಿಚ್ಚಿ ನೋಡಿದ್ದ ವಿಲ್ಫ್ ಪೆಂಗೆಲಿ ಮುಂದೆ ಬಂದ.

“ತಪ್ಪಾಯ್ತು ಕಣಯ್ಯ ಕೆಲ್. ಮನಸ್ಸಿಗೆ ಹಚ್ಕೋಬೇಡ. ಬಾ, ಚಹಾ ಕುಡಿಯೋಣ.”

“ಅದೇ ಅದೇ,” ಬ್ಯಾರಿ ಆ ಮಾತಿಗೇ ಜೋತುಬಿದ್ದ. “ಗಟ್ಟಿ ಇಟ್ಕೊ ಮಾರಾಯ, ನಿಂದೇ ಅದು. ಮನೆ ಮಾತು ಮನೇಲಿರ್ಲಿ. ಪೊಲೀಸು ಗಿಲೀಸು ಯಾಕೆ?”

ಟ್ರಾನ್ ಪುಸ್ತಕದ ಹೊಸ ಹಾಳೆ ತಿರುವಿ ಕೆಲ್‌ನನ್ನು ನೋಡಿದಳು. “ಸುಳ್ಳು ದೂರು ಕೊಟ್ಟಿದ್ದಕ್ಕೆ ನಾನು ಹೇಗೂ ಬರೀತೀನಿ. ನಿನ್ನ ಕಡೆಯಿಂದಾನೂ ದೂರು ಇದೆಯಾ?”

ಕೆಲ್ ನೋರೀನ್ ಕಡೆ ನೋಡಿದ. ಅವಳು ಯಂತ್ರದ ತಂತಿ ಸುತ್ತತೊಡಗಿದಳು. ಅದು ಅವನ ಮಾತು, ಅವನೇ ಆಡಬೇಕು.

ಠಾಣೆಯ ಕಾಗದಗಳಲ್ಲಿ ಅವನ ಹೆಸರು ಎಷ್ಟೋ ಸಲ ಬಂದಿತ್ತು. ಬಂದಾಗಲೆಲ್ಲ ಒಂದೇ ಸಾಲಿನಲ್ಲಿ, ಆರೋಪಿ ಎಂಬಲ್ಲಿ.

“ಇದೆ,” ಎಂದ. “ಬರ್ಕೊಳ್ಳಿ. ದೂರು ಕೊಟ್ಟವನು, ಕೆಲ್ವಿನ್ ಜೋಸೆಫ್ ಡ್ವಾಯರ್. ಪೂರ್ತಿ ಹೆಸರು ಬರೀರಿ.”