ಗಾಜಿನ ಕೋಣೆಯ ಮಾತು

ಆ ಕಾರಿನ ಶೋರೂಮಿನಲ್ಲಿ ಮ್ಯಾನೇಜರ್ ಕೋಣೆಗೆ ಗಾಜಿನ ಗೋಡೆ ಹಾಕಿಸಿದ್ದು ಸುಮ್ಮನೆ ಅಲ್ಲ. ಗಿರಾಕಿಯ ಪರವಾಗಿ ಸೇಲ್ಸ್‌ಮನ್ ಒಳಗೆ ಹೋಗಿ ಕೈಮುಗಿದು ಅಂಗಲಾಚುವುದು ಹೊರಗೆ ಕೂತವರಿಗೆ ಕಾಣಬೇಕು, ಮಾತು ಮಾತ್ರ ಕೇಳಿಸಬಾರದು. ಒಳಗೆ ಅವರಿಬ್ಬರೂ ಸೊಂಟನೋವಿನ ಬಗ್ಗೆ ಮಾತಾಡುತ್ತಿದ್ದರೂ ಹೊರಗಿನವರಿಗೆ ‘ಪಾಪ, ನಮಗೋಸ್ಕರ ಎಷ್ಟು ಒದ್ದಾಡ್ತಿದಾನೆ’ ಅನ್ನಿಸುತ್ತದೆ. ಎಂಟು ವರ್ಷಗಳಲ್ಲಿ ಒಮ್ಮೆಯೂ ಈ ಉಪಾಯ ಕೈಕೊಟ್ಟಿರಲಿಲ್ಲ.

ಆಮೇಲೆ ಟೀಚರ್ ಬಂದಳು.

ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಅವಳದು ಹದಿನಾಲ್ಕು ವರ್ಷದ ನೌಕರಿ. ತುಟಿ ನೋಡಿ ಮಾತು ತಿಳಿಯುವುದನ್ನು ಮಕ್ಕಳಿಗೆ ಕಲಿಸುತ್ತ ಕಲಿಸುತ್ತ ಅವಳಿಗೂ ಅದು ಅಂಟಿಕೊಂಡಿತ್ತು. ಎಲ್ಲವೂ ತಿಳಿಯುತ್ತಿತ್ತು ಅಂತಲ್ಲ. ಅರ್ಧ ತುಟಿಯಿಂದ, ಕಾಲು ಭಾಗ ಮುಖದಿಂದ, ಉಳಿದದ್ದು ಅಂದಾಜು. ಅಕ್ಕ ಹುಡುಕಿ ತಂದ ಎರಡು ಸಂಬಂಧಗಳು ಮುರಿದದ್ದೂ ಇದರಿಂದಲೇ. ನಡುಮನೆಯ ಆ ಮೂಲೆಯಲ್ಲಿ ಗಂಡಿನ ಅಮ್ಮ ಪಿಸುಗುಟ್ಟಿದ್ದು ಈ ಮೂಲೆಯಲ್ಲಿ ಕೂತ ಇವಳಿಗೆ ಗೊತ್ತಾಗಿಬಿಟ್ಟಿತ್ತು.

ಈಗ ಅವಳ ಶಾಲೆ ಊರಾಚೆಗಿನ ಹೊಸ ಕಟ್ಟಡಕ್ಕೆ ಹೋಗುವುದರಲ್ಲಿತ್ತು. ಆ ಕಡೆಗೆ ಬಸ್ಸಿಲ್ಲ. ಕಾರು ಕೊಳ್ಳುವಷ್ಟು ಶಕ್ತಿ ಅವಳಿಗಿರಲಿಲ್ಲ. ಮೂರು ವರ್ಷ ಲೀಸಿಗೆ ತಗೊಂಡು, ತಿಂಗಳು ತಿಂಗಳು ಬಾಡಿಗೆ ಕಟ್ಟಿ, ಕೊನೆಗೆ ಗಾಡಿ ವಾಪಸ್ ಕೊಟ್ಟುಬಿಡುವುದು ವಾಸಿ ಅಂದುಕೊಂಡು ಬಂದಿದ್ದಳು.

“ಬನ್ನಿ ಮೇಡಂ. ಆ ಕೆಂಪು ಗಾಡಿ ನೋಡ್ತಿದೀರಾ? ಬೇಡ ಬಿಡಿ.”

“ಯಾಕೆ? ಚೆನ್ನಾಗಿಲ್ವಾ?”

“ಚೆನ್ನಾಗೇ ಇದೆ. ನಿಮ್ಮ ಪಕ್ಕದಲ್ಲಿ ನಿಂತ್ರೆ ಸಪ್ಪೆ ಕಾಣುತ್ತೆ.”

ಇಷ್ಟು ಹಳೆಯ ಮಾತಿಗೆ ನಗಬಾರದಿತ್ತು, ನಕ್ಕುಬಿಟ್ಟಳು. ಆ ಸೇಲ್ಸ್‌ಮನ್‌ಗೆ ಶೋರೂಮಿನಲ್ಲಿ ಎಲ್ಲರೂ ‘ಸಕ್ಕರೆ’ ಅನ್ನುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ, ಕಿವಿಯ ಬಳಿ ಒಂದಿಷ್ಟು ನರೆ, ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟು. ಅವಳು ನೋಡಿದ್ದು ಅದನ್ನೆಲ್ಲ ಅಲ್ಲ, ತುಟಿಯನ್ನು. ಜನ ಮಾತಾಡುವಾಗ ಅರ್ಧ ಅಕ್ಷರ ನುಂಗುತ್ತಾರೆ, ಮುಖ ಆಚೆ ತಿರುಗಿಸುತ್ತಾರೆ. ಇವನು ಎದುರಿಗೇ ನೋಡಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಆಡುತ್ತಿದ್ದ. ಇಷ್ಟು ಸ್ಪಷ್ಟವಾದ ತುಟಿಯನ್ನು ಅವಳು ಕಂಡೇ ಇರಲಿಲ್ಲ. ಇವನ ಮುಂದೆ ಕೂತರೆ ನನ್ನ ಕ್ಲಾಸಿನ ಕೊನೆ ಬೆಂಚಿಗೂ ಪಾಠ ಅರ್ಥವಾಗುತ್ತೆ ಅಂದುಕೊಂಡಳು. ಹಾಗಂದುಕೊಳ್ಳುವಾಗ ಕೆನ್ನೆ ಯಾಕೆ ಬಿಸಿಯಾಯಿತೋ ಅವಳಿಗೇ ಗೊತ್ತಾಗಲಿಲ್ಲ.

“ಏನ್ ಕೆಲಸ ಮಾಡ್ತೀರಿ?”

“ಮಕ್ಕಳಿಗೆ ಮಾತು ಕಲಿಸ್ತೀನಿ.”

“ನಂಗೂ ಸ್ವಲ್ಪ ಕಲಿಸಿ. ನಿಮ್ಮ ಮುಂದೆ ತೊದಲ್ತಾ ಇದೀನಿ.”

ತಿಂಗಳಿಗೆ ಇಪ್ಪತ್ತೆರಡು ಸಾವಿರ, ವರ್ಷಕ್ಕೆ ಹನ್ನೆರಡು ಸಾವಿರ ಕಿಲೋಮೀಟರ್ ಮಿತಿ, ಮೀರಿದರೆ ದಂಡ ಅಂದ. ಅವಳು ಜಾಸ್ತಿಯಾಯಿತು ಅಂದಳು. ಅವನು ನಿಟ್ಟುಸಿರು ಬಿಟ್ಟು, “ಇರಿ, ನಿಮಗೋಸ್ಕರ ಒಂದು ಮಾತು ಜಗಳ ಆಡಿಬಿಡ್ತೀನಿ” ಅಂತ ಗಾಜಿನ ಕೋಣೆಗೆ ಹೋದ. ತನ್ನ ಪರವಾಗಿ ಯಾರೋ ಜಗಳಕ್ಕೆ ಹೊರಟದ್ದು ಅವಳ ಜೀವನದಲ್ಲಿ ಅದೇ ಮೊದಲು. ಅದಕ್ಕೇ ಆಸೆಯಿಂದ ಅತ್ತ ನೋಡಿದಳು.

ಸಕ್ಕರೆ ಹೊರಗೆ ಕಾಣುವ ಹಾಗೆ ಅಡ್ಡ ನಿಂತು, ಕೈ ಬೀಸಿ ಬೀಸಿ, ಮುಖ ದೀನ ಮಾಡಿಕೊಂಡು, ಅದೇ ಸ್ಪಷ್ಟ ತುಟಿಯಲ್ಲಿ ಹೇಳುತ್ತಿದ್ದ: “ಒಂಟಿ ಹೆಂಗಸು. ಯಾರೂ ಮಾತಾಡಿಸಿದ ಹಾಗಿಲ್ಲ. ಇನ್ನೆರಡು ಸಲ ನಕ್ಕು ಮಾತಾಡಿಸಿದ್ರೆ ತೋರಿಸಿದ ಕಡೆ ಸೈನ್ ಹಾಕ್ತಾಳೆ.”

ಬೋಳುತಲೆಯ ಮ್ಯಾನೇಜರ್ ನಕ್ಕ. “ಎಷ್ಟರವರೆಗೆ ಇಳೀಬಹುದು?”

“ಹದಿನೆಂಟಕ್ಕೆ ಕೊಟ್ರೂ ನಮಗೆ ನಷ್ಟ ಇಲ್ಲ. ಅಲ್ಲೀತನಕ ಯಾಕೆ ಹೋಗೋಣ?”

ಟೀಚರ್ ಮುಖ ಈಚೆ ತಿರುಗಿಸಿಕೊಂಡಳು. ಕಣ್ಣು ತುಂಬಲಿಲ್ಲ, ಅದೊಂದು ಪುಣ್ಯ. ಅವನು ಸೋತ ಮುಖ ಹೊತ್ತು ವಾಪಸ್ ಬರುವಷ್ಟರಲ್ಲಿ ಅವಳು ಒಂದು ನಿರ್ಧಾರಕ್ಕೆ ಬಂದಾಗಿತ್ತು. ಎದ್ದು ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಅವನಿಗಿಂತ ಚೆನ್ನಾಗಿ ನಕ್ಕಳು.

“ನೀವು ಇಷ್ಟು ಕಷ್ಟಪಟ್ರಲ್ಲ, ಅದೇ ಸಾಕು. ಶನಿವಾರ ಮತ್ತೆ ಬರ್ತೀನಿ” ಅಂದಳು.

ಮನೆಯಲ್ಲಿ ಅಕ್ಕ ಬಟ್ಟೆ ಮಡಿಸುತ್ತ ಎಲ್ಲ ಕೇಳಿದಳು.

“ಬೇರೆ ಶೋರೂಮಿಗೆ ಹೋಗೇ ಮಾರಾಯ್ತಿ.”

“ಇಲ್ಲಕ್ಕ. ಅವರ ಕೊನೇ ರೇಟು ನಂಗೆ ಗೊತ್ತಾಗಿದೆ. ಜುಟ್ಟು ನನ್ನ ಕೈಲಿದೆ.”

“ರೇಟಿಗೆ ಹೋಗ್ತಿದೀಯೋ, ಅವನಿಗೋ?”

“ಅವನಿಗೆ ಬುದ್ಧಿ ಕಲಿಸೋಕೆ.”

ಅಕ್ಕ ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆದರೆ ಶನಿವಾರ ತಂಗಿ ಮೂರು ಸೀರೆ ತೆಗೆದು, ಮೂರನ್ನೂ ಬಿಟ್ಟು, ಹಸಿರು ಕುರ್ತಾ ಹಾಕಿಕೊಂಡದ್ದನ್ನು ನೋಡಿ ಬಾಗಿಲ ಮರೆಯಲ್ಲಿ ನಿಂತು ತಲೆ ಚಚ್ಚಿಕೊಂಡಳು.

ಶನಿವಾರ ಹಸಿರು ಕುರ್ತಾ ಬಾಡಿಗೆಯನ್ನು ಇಪ್ಪತ್ತು ಸಾವಿರಕ್ಕೆ ಇಳಿಸಿತು. ಅವಳು ಅವನ ಪೆನ್ನು ಕೇಳಿ ತೆಗೆದುಕೊಂಡಳು, ವಾಪಸ್ ಕೊಡುವಾಗ ಒಂದು ಕ್ಷಣ ತಡಮಾಡಿದಳು, ಅವನ ಕಾಲರಿನ ಮೇಲಿನ ದಾರವನ್ನು ಎರಡು ಬೆರಳಲ್ಲಿ ತೆಗೆದು ಊದಿದಳು. ಇದೆಲ್ಲ ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಸಕ್ಕರೆ ಲೆಕ್ಕದ ಹಾಳೆಯಲ್ಲಿ ಒಂದೇ ಅಂಕಿಯನ್ನು ಎರಡು ಸಲ ಬರೆದ. ಎಂಟು ವರ್ಷ ಊರಿನವರ ಮೂಗಿಗೆಲ್ಲ ತುಪ್ಪ ಸವರಿದವನು ಈಗ ತನ್ನ ಮೂಗಿನ ಮೇಲಿನ ತುಪ್ಪವನ್ನು ಕಾಣದಾಗಿದ್ದ.

“ಈ ಕಿಲೋಮೀಟರ್ ಮಿತಿ ನಂಗಾಗಲ್ಲ. ಹೊಸ ಶಾಲೆ ಎಷ್ಟು ದೂರ ಅಂತ ನೀವೇ ನೋಡಿ ಬನ್ನಿ” ಅಂದಳು.

ಮರುದಿನ ಬೆಳಿಗ್ಗೆ ಇಬ್ಬರೂ ಟೆಸ್ಟ್ ಡ್ರೈವಿಗೆ ಹೊರಟರು. ಹೋಗುವುದು ನಲವತ್ತೊಂದು ಕಿಲೋಮೀಟರ್, ಬರುವುದು ನಲವತ್ತೊಂದು. ಅಷ್ಟು ದೂರದಲ್ಲಿ ಅವನು ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ದಿನವಿಡೀ ಮಾತಾಡಿ ಮನೆಗೆ ಹೋದರೆ ಬಾಯಿ ತೆರೆಯಲು ಮನಸ್ಸಾಗುವುದಿಲ್ಲ ಅಂದ. “‘ನನ್ನ ಹತ್ರ ಮಾತಾಡೋಕೂ ನಿನಗೆ ಬಾಡಿಗೆ ಕಟ್ಬೇಕೇನೋ’ ಅಂತಾರೆ ನಮ್ಮಮ್ಮ.” ಅವಳು ಜೋರಾಗಿ ನಕ್ಕಳು. ಆ ನಗು ನಾಟಕದ್ದಲ್ಲ ಅಂತ ನಗುವಾಗಲೇ ತಿಳಿದು ಭಯವಾಯಿತು.

ಅರ್ಧ ಕಟ್ಟಿದ ಶಾಲೆಯ ಮೆಟ್ಟಿಲ ಮೇಲೆ ಕೂತರು. ಸಿಮೆಂಟಿನ ಧೂಳು ಹಾರುತ್ತಿತ್ತು. ಅವನು ತನ್ನ ಕರ್ಚೀಫು ಹಾಸಿ ಅವಳಿಗೆ ಜಾಗ ಮಾಡಿಕೊಟ್ಟು, ತಾನು ಧೂಳಿನಲ್ಲೇ ಕೂತ.

“ಟೀಚರ್, ನೀವು ಮಾತು ಕೇಳೋದು ಬೇರೆ ಥರ. ನನ್ನ ಮುಖಾನೇ ನೋಡ್ತಾ ಕೇಳ್ತೀರಿ. ಹಿಂಗೆ ಯಾರೂ ಕೇಳಿಲ್ಲ.”

“ಕೆಟ್ಟ ಅಭ್ಯಾಸ” ಅಂದಳು.

ಆಗಲೇ ಎಲ್ಲ ಹೇಳಿಬಿಡಬಹುದಿತ್ತು. ನೀವು ಗಾಜಿನ ಕೋಣೆಯಲ್ಲಿ ಆಡಿದ್ದು ನನಗೆ ಗೊತ್ತು ಅಂದಿದ್ದರೆ ಅವನು ಕಿವಿ ಹಿಡಿದುಕೊಂಡು ತಪ್ಪಾಯ್ತು ಅನ್ನುತ್ತಿದ್ದನೋ ಏನೋ. ಆದರೆ ಅವಮಾನವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಅದನ್ನು ಒಳಗಿಟ್ಟುಕೊಂಡು ಸಾಕುತ್ತಿದ್ದಳು. ಅವನು ಮಾತ್ರ ಬೇಕು, ಆ ಮಾತನ್ನಾಡಿದವನು ಬೇಡ. ಇಬ್ಬರನ್ನೂ ಬೇರೆ ಮಾಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ತಿಂಗಳ ಕೊನೆಯ ದಿನ ಅವಳು ಪಟ್ಟು ಹಿಡಿದು ಕೂತಳು. “ಹದಿನೆಂಟು. ವರ್ಷಕ್ಕೆ ಇಪ್ಪತ್ತೈದು ಸಾವಿರ ಕಿಲೋಮೀಟರ್. ಆಗಲ್ಲ ಅಂದ್ರೆ ಈಗಲೇ ಹೇಳಿ, ಎದ್ದು ಹೋಗ್ತೀನಿ.”

“ಹದಿನೆಂಟು ಹೇಗಾದ್ರೂ ಮಾಡಬಹುದು. ಕಿಲೋಮೀಟರ್ ಕಷ್ಟ ಟೀಚರ್.”

“ಜಗಳ ಆಡಿ ಬನ್ನಿ ಮತ್ತೆ.”

ಅವನು ಹೋದ. ಅವಳು ಗಾಜಿನ ಕಡೆ ಕಣ್ಣು ನೆಟ್ಟಳು. ಈ ಸಲ ಕೈ ಬೀಸಾಟವಿರಲಿಲ್ಲ, ದೀನಮುಖವಿರಲಿಲ್ಲ. ನೆಟ್ಟಗೆ ನಿಂತು ಹೇಳಿದ: “ನನ್ನ ಕಮಿಷನ್ ಬೇಡ ಸಾರ್. ಅದನ್ನ ಕಿಲೋಮೀಟರಿಗೆ ಹಾಕ್ಬಿಡಿ.”

“ಹುಚ್ಚು ಹಿಡೀತೇನಯ್ಯಾ? ಒಂಟಿ ಹೆಂಗಸು ಅಂತ ನಗಾಡಿದವನು ನೀನೇ ಅಲ್ವಾ?”

“ಹಂಗೆ ಅಂದಿದ್ದಕ್ಕೆ ನಂಗೇ ಅಸಹ್ಯ ಆಗ್ತಿದೆ. ಅವರನ್ನ ಮದುವೆ ಆಗ್ತೀರಾ ಅಂತ ಇವತ್ತು ಕೇಳ್ತೀನಿ.”

ಟೀಚರ್ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಮೂರು ವಾರದಿಂದ ಎದೆಯಲ್ಲಿ ಚುಚ್ಚುತ್ತಿದ್ದದ್ದು ಒಮ್ಮೆಗೇ ಕರಗಿ, ಕುರ್ಚಿಯಿಂದ ಎದ್ದು ಓಡಿಹೋಗಿ ಆ ಗಾಜು ತಟ್ಟಬೇಕೆನ್ನುವಷ್ಟು ಖುಷಿಯಾಯಿತು. ಎಲ್ಲ ಮರೆತುಬಿಡೋಣ ಅಂದುಕೊಂಡಳು. ನಿಜವಾಗಿಯೂ ಅಂದುಕೊಂಡಳು.

ಅವನು ಬಂದು, “ಕಂಪನಿಯ ಒಂದು ಆಫರ್ ಇತ್ತಂತೆ, ನಿಮ್ಮ ಅದೃಷ್ಟ” ಅಂತ ಸುಳ್ಳು ಹೇಳಿದ. ಆ ಸುಳ್ಳೂ ಅವಳಿಗೆ ಸಿಹಿಯಾಯಿತು. ಹನ್ನೊಂದು ಕಡೆ ಸೈನ್ ಹಾಕಿದಳು. ಅವನು ಕಾಗದ ಜೋಡಿಸಿ, ಮೇಜಿನ ಮೇಲೆ ಅವಳ ಕೈಗೆ ಬೆರಳಷ್ಟು ದೂರದಲ್ಲಿ ತನ್ನ ಕೈಯಿಟ್ಟ.

“ಟೀಚರ್, ಒಂದು ಮಾತು. ನೀವು ಈ ಬಾಗಿಲಲ್ಲಿ ಕಾಲಿಟ್ರಲ್ಲ, ಆ ಮೊದಲ ದಿನದಿಂದಾನೇ ನೀವಂದ್ರೆ ನಂಗೆ ಪ್ರಾಣ.”

ಎರಡನೇ ದಿನ ಅಂದಿದ್ದರೆ ಸಾಕಿತ್ತು. ಆ ಮೆಟ್ಟಿಲು, ಆ ಧೂಳು ಅಂದಿದ್ದರೂ ಆಗುತ್ತಿತ್ತು. ಮಾತಿಗೆ ಸಿಹಿ ಬೆರೆಸಿ ಬೆರೆಸಿ ಅಭ್ಯಾಸವಾದವನು, ನಿಜ ಹೇಳುವಾಗಲೂ ಒಂದು ಚಮಚ ಜಾಸ್ತಿ ಹಾಕಿಬಿಟ್ಟ. ಮೊದಲ ದಿನ! ಅವಳ ಮುಖ ಕಲ್ಲಾಯಿತು.

“ಮೊದಲ ದಿನ ನೀವೇನಂದ್ರಿ ಹೇಳಲಾ?” ಅಂದಳು. “‘ಒಂಟಿ ಹೆಂಗಸು. ಯಾರೂ ಮಾತಾಡಿಸಿದ ಹಾಗಿಲ್ಲ. ಇನ್ನೆರಡು ಸಲ ನಕ್ಕು ಮಾತಾಡಿಸಿದ್ರೆ ತೋರಿಸಿದ ಕಡೆ ಸೈನ್ ಹಾಕ್ತಾಳೆ.’ ನಾನು ಕಿವಿ ಕೇಳದ ಮಕ್ಕಳಿಗೆ ಪಾಠ ಮಾಡೋಳು. ತುಟಿ ನೋಡಿದ್ರೆ ಸಾಕು ನಂಗೆ. ಹದಿನೆಂಟು ನಿಮ್ಮ ಕೊನೇ ರೇಟು ಅಂತ ಅವತ್ತೇ ಗೊತ್ತಿತ್ತು.”

ಅವನು ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ಹಾಗಾದ್ರೆ... ಮತ್ತೆ ಮತ್ತೆ ಯಾಕೆ ಬಂದ್ರಿ?”

“ಕಾರಿಗೆ. ನೀವು ನಕ್ಕಿದ್ದು ಎರಡು ಸಲ, ನಾನು ನಕ್ಕಿದ್ದು ಹತ್ತು ಸಲ. ಸೈನ್ ಹಾಕಿದ್ದು ನಾನಾದ್ರೂ, ಕಮಿಷನ್ ಬಿಟ್ಟಿದ್ದು ಯಾರು?”

ಇದನ್ನು ಅವಳು ಮೂರು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಕೊನೆಯ ವಾಕ್ಯ ಮಾತ್ರ ಆಗ ಹುಟ್ಟಿದ್ದು, ಅದೇ ಎಲ್ಲಕ್ಕಿಂತ ಆಳಕ್ಕೆ ಇಳಿಯಿತು. ಕಮಿಷನ್ ವಿಷಯವೂ ಇವಳಿಗೆ ಗೊತ್ತು, ಮದುವೆಯ ಮಾತೂ ಗೊತ್ತು, ಗೊತ್ತಿದ್ದೂ ಹೀಗಂದಳು ಎಂಬುದು ಅವನಿಗೆ ಒಂದೊಂದಾಗಿ ತಿಳಿಯುತ್ತ ಹೋದದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಅವಳಿಗೆ ಗೆದ್ದ ಖುಷಿ ಬಂದದ್ದು ಒಂದೇ ಒಂದು ಉಸಿರಿನಷ್ಟು ಹೊತ್ತು. ಆಮೇಲೆ ನಾಲಿಗೆ ಕಡಿದುಕೊಳ್ಳಬೇಕೆನ್ನಿಸಿತು.

ಅವನು ಜಗಳ ಆಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ತಲೆ ತಗ್ಗಿಸಿ ಕಾಗದಗಳನ್ನು ಫೈಲಿಗೆ ಹಾಕಿದ. ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಲೈಟಿನ ಸ್ವಿಚ್ಚು, ವೈಪರು, ಸ್ಟೆಪ್ನಿ ಇಟ್ಟ ಜಾಗ ಎಲ್ಲ ತೋರಿಸಿದ. ಬರೀ ಬೆರಳಲ್ಲಿ ತೋರಿಸಿದ. ಕೀ ಕೊಡುವಾಗ ಅವಳ ಕೈ ತಗುಲದಂತೆ ಅಂಗೈಗೆ ಮೇಲಿಂದ ಬಿಟ್ಟ.

ಅವಳು ಸೀಟಿನಲ್ಲಿ ಕೂತು, ಬಾಗಿಲು ಹಾಕಿ, ಗಾಜು ಇಳಿಸಿದಳು.

“ಇಲ್ಲಿ ನೋಡಿ. ಈಗ ಅಂದಿದ್ದು ಸುಳ್ಳು. ಶನಿವಾರ ಬಂದಿದ್ದು ನಿಮಗೋಸ್ಕರ. ಇವತ್ತು ಬಂದಿದ್ದೂ ನಿಮಗೋಸ್ಕರಾನೇ. ಒಳಗೆ ನೀವು ಹೇಳಿದ ಮಾತು... ಮದುವೆ ಮಾತು... ಅದನ್ನ ನನ್ನೆದುರು ಒಂದ್ಸಲ ಕೇಳಿ. ನಾನು ಹೂಂ ಅಂತೀನಿ.”

ಸಕ್ಕರೆ ಮುಖ ಕೆಳಗೆ ಮಾಡಿ, ಕೈಯಲ್ಲಿದ್ದ ಫೈಲನ್ನು ಎದೆಯಿಂದ ಮೇಲಕ್ಕೆತ್ತಿ ಬಾಯಿಗೆ ಅಡ್ಡ ಹಿಡಿದ. ಅವಳಿಗೆ ಕಂಡದ್ದು ಅವನ ಕಣ್ಣು ಮಾತ್ರ. ಅದು ಒದ್ದೆಯಾಗಿತ್ತು.

“ನಂಬ್ತೀನಿ ಟೀಚರ್” ಅನ್ನುವ ದನಿ ಫೈಲಿನ ಹಿಂದಿನಿಂದ ಬಂತು. “ಆದ್ರೆ ಇನ್ಮೇಲೆ ನಿಮ್ಮೆದುರು ಬಾಯಿ ತೆಗೆಯೋಕೆ ನಂಗೆ ಭಯ ಆಗುತ್ತೆ. ದಿನಾ ಭಯಪಟ್ಕೊಂಡು ಒಂದೇ ಮನೇಲಿ ಹೇಗಿರೋದು?”

ಹಿಂದೆ ನಿಂತ ಗಾಡಿಯವನು ಹಾರ್ನ್ ಹೊಡೆದ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ಗಾಜು ಏರಿಸದೆಯೇ ಗಾಡಿಯನ್ನು ರಸ್ತೆಗೆ ಇಳಿಸಿದಳು. ಹೊಸ ಕಾರು ಒಂಚೂರೂ ಸದ್ದು ಮಾಡದೆ ಓಡಿತು.