ಅಜ್ಜಿಯ ಸೌನಾಕ್ಕೆ ಒಂದು ದಿಮ್ಮಿ

ಹಗ್ಗದ ಕುಣಿಕೆ ದಿಮ್ಮಿಯ ತುದಿಯಿಂದ ಸರ್ರನೆ ಜಾರಿ ಹಿಮದ ಮೇಲೆ ಬಿತ್ತು. ದಿಮ್ಮಿ ಮಾತ್ರ ಮಲಗಿದ್ದಲ್ಲೇ ಮಲಗಿತ್ತು.

ಅಮ್ಮ ಹಿಮದ ಮೇಲೆ ಓಡುವ ಸ್ನೋಮೊಬೈಲ್ ನಿಲ್ಲಿಸಿ ಹಿಂದಿರುಗಿ ನೋಡಿದಳು.

“ಆ ಕುಣಿಕೆ ಹಾಕಿದ್ದು ಯಾರಪ್ಪಾ?” ಎಂದ ಯೋಯೆಲ್. ಯಾರೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. “ಅದ್ರಲ್ಲಿ ಬೆಕ್ಕನ್ನ ಕಟ್ಟಿದ್ರೂ ನಿಲ್ಲಲ್ಲ.”

ಕುಣಿಕೆ ಹಾಕಿದ್ದ ಸೈಮಿ ಬೇರೆ ದಿನವಾಗಿದ್ದರೆ ಅಣ್ಣನಿಗೆ ಎರಡು ಮಾತು ಜಾಸ್ತಿಯೇ ಹೇಳುತ್ತಿದ್ದಳು. ಇವತ್ತು ಕೈಗವಸು ತೆಗೆದು ದಿಮ್ಮಿಯ ತೊಗಟೆ ಮುಟ್ಟಿದಳು. ಗಾಜಿನಂಥ ತೆಳ್ಳನೆಯ ಮಂಜುಗಡ್ಡೆ. ಹಗ್ಗ ಜಾರದೆ ಇನ್ನೇನು ಮಾಡೀತು?

ಅಷ್ಟೇ ಆಗಿದ್ದರೆ ಅವಳಿಗೆ ಹೆದರಿಕೆ ಆಗುತ್ತಿರಲಿಲ್ಲ. ದಿಮ್ಮಿಯ ಹೊಟ್ಟೆಯೂ ಹಿಮಕ್ಕೆ ಕಚ್ಚಿಕೊಂಡಿತ್ತು. ಅದು ಯಾಕೆ ಹಾಗಾಯಿತೆಂದು ಸೈಮಿಗೆ ಗೊತ್ತಿತ್ತು.

ಹೋದ ವಾರ ಅಮ್ಮ ಈ ಪೈನ್ ಮರ ಕಡಿದಾಗ ಸೈಮಿಗೆ ಒಂದೇ ಕೆಲಸ ಕೊಟ್ಟಿದ್ದಳು. ದಿಮ್ಮಿಯ ಕೆಳಗೆ ಅಡ್ಡಗೋಲು ಇಡುವುದು. ಕೋಲಿನ ಮೇಲೆ ಕೂತ ದಿಮ್ಮಿ ಹಿಮಕ್ಕೆ ಅಂಟುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿದರೂ, ಸಂಜೆ ಮತ್ತೆ ಹೆಪ್ಪುಗಟ್ಟಿದರೂ ಚಿಂತೆಯಿಲ್ಲ. ಅವತ್ತು ಸೈಮಿಗೆ ಕಾಲು ಸೋತಿತ್ತು. ಗೆಳತಿಯ ಜೊತೆ ಸ್ಕೀ ಮಾಡಲು ಹೋಗುವ ಅವಸರ ಬೇರೆ. ದಪ್ಪ ಕೋಲುಗಳನ್ನು ಹಿಮದಲ್ಲಿ ಎಳೆದು ತರುವುದು ಕಷ್ಟವೆಂದು ಬೆರಳು ದಪ್ಪದ ಬರ್ಚ್ ಮರದ ಬರಲುಗಳನ್ನೇ ನಾಲ್ಕು ಮುರಿದು ಹಾಕಿ, “ಇಟ್ಟೆ ಅಮ್ಮಾ” ಎಂದು ಕೂಗಿದ್ದಳು. ದಿಮ್ಮಿಯ ಭಾರಕ್ಕೆ ಅವು ಮೆತ್ತಗೆ ಹಿಮದೊಳಗೆ ಇಳಿದುಹೋಗಿರಬೇಕು.

“ಕೇಬಲ್ ಹಾಕೋಣ ಅಮ್ಮ,” ಎಂದ ಯೋಯೆಲ್. “ಹಗ್ಗ ಎಲ್ಲ ಬಟ್ಟೆ ಒಣಗಿಸೋಕೆ.”

ಅವನಿಗೆ ಹದಿಮೂರು. ಉಕ್ಕಿನ ಕೇಬಲ್ ಎಂದರೆ ಅವನಿಗೆ ಪ್ರಾಣ. ದಿಮ್ಮಿ ಎಳೆಯಲು ಜಾರುಗಾಡಿಯಲ್ಲಿ ಮೂರು ಸಾಮಾನು ತಂದಿದ್ದರು. ನೀಲಿ ಬಣ್ಣದ ನೈಲಾನ್ ಹಗ್ಗ, ಹುಕ್ ಇರುವ ಉಕ್ಕಿನ ಕೇಬಲ್, ಒಂದು ಕಬ್ಬಿಣದ ಚೈನು. ಹಗ್ಗ ಹಗುರ, ಹಿಮದ ಮೇಲೇ ಇರುತ್ತದೆ, ಆದ್ದರಿಂದ ಅಮ್ಮ ಯಾವಾಗಲೂ ಮೊದಲು ಅದನ್ನೇ ಕೈಗೆತ್ತಿಕೊಳ್ಳುವಳು. ಕೇಬಲ್‌ಗೆ ಬಲ ಜಾಸ್ತಿ. ಆದರೆ ಅದು ಒಂದಿಷ್ಟೂ ಹಿಗ್ಗುವುದಿಲ್ಲ. ಜಗ್ಗಿದರೆ ಎಲ್ಲಾದರೂ ಒಂದು ಕಡೆ ಕಿತ್ತುಕೊಂಡು ಬಂದು ಚಾಟಿಯಂತೆ ಬೀಸುತ್ತದೆ.

ಅಮ್ಮ ಕೇಬಲ್ ಕಟ್ಟಿದಳು. ಇಬ್ಬರನ್ನೂ ದೂರ, ದೊಡ್ಡ ಮರದ ಹಿಂದೆ ನಿಲ್ಲಿಸಿದಳು. ಜಗ್ಗದೆ, ನಿಧಾನವಾಗಿ ಎಳೆದಳು. ಕೇಬಲ್ ತಂತಿಯಂತೆ ಬಿಗಿಯಾಯಿತು. ಸ್ನೋಮೊಬೈಲಿನ ರಬ್ಬರ್ ಪಟ್ಟೆ ಗರಗರ ತಿರುಗಿ ಹಿಮ ತೋಡತೊಡಗಿತು. ಗಾಡಿಯೇ ಹಳ್ಳಕ್ಕೆ ಇಳಿಯಿತೇ ಹೊರತು ದಿಮ್ಮಿ ಕೂದಲೆಳೆಯಷ್ಟೂ ಸರಿಯಲಿಲ್ಲ.

“ಒಂದ್ಸಲ ಜೋರಾಗಿ ಜಗ್ಗಿಬಿಡಮ್ಮ,” ಎಂದ ಯೋಯೆಲ್.

ಅಮ್ಮ ಇಂಜಿನ್ ಆಫ್ ಮಾಡಿದಳು. ಸೀಟಿನ ಮೇಲೆ ಸುಮ್ಮನೆ ಕೂತು ಆಕಾಶ ನೋಡಿದಳು. ದಕ್ಷಿಣದ ಕಡೆ ಮೋಡ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ನಾಳೆ ಮಳೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಮಳೆ ಬಿದ್ದರೆ ಜೌಗಿನ ಮೇಲಿನ ಹಿಮದ ದಾರಿ ಗಂಜಿಯಾಗುತ್ತದೆ. ಆಮೇಲೆ ದಿಮ್ಮಿ ಮನೆ ಸೇರುವುದು ಮುಂದಿನ ಚಳಿಗಾಲಕ್ಕೇ.

ಅಷ್ಟರವರೆಗೆ ಅಜ್ಜಿಯ ಸೌನಾ, ಕಾದ ಕಲ್ಲಿನ ಹಬೆಯಲ್ಲಿ ಬೆವರಿ ಮೀಯುವ ಆ ಸ್ನಾನದ ಮನೆ, ಹಾಗೇ ಬೀಗ ಹಾಕಿಕೊಂಡಿರಬೇಕು. ಗೋಡೆಯ ಕೆಳಗಿನ ದಿಮ್ಮಿ ಕೊಳೆತು ಸೌನಾ ಒಂದು ಕಡೆಗೆ ವಾಲಿತ್ತು. ಒಲೆ ಹಚ್ಚುವಂತಿರಲಿಲ್ಲ. ಈಸ್ಟರ್ ರಜೆಗೆ ಬಂದು ಹೊಸ ದಿಮ್ಮಿ ಕೂರಿಸುತ್ತೇನೆಂದು ಎಸ್ಕೊ ಮಾವ ಮಾತು ಕೊಟ್ಟಿದ್ದ. ಹಿಂದಿನ ಕಾಲದಲ್ಲಿ ಹೆರಿಗೆಯೂ ಸೌನಾದಲ್ಲೇ, ಅಜ್ಜಿ ಹುಟ್ಟಿದ್ದೂ ಆ ಸೌನಾದಲ್ಲೇ. ಈಗ ಪ್ರತಿ ಶನಿವಾರ ಟವೆಲ್ ಚೀಲ ಹಿಡಿದು ಪಕ್ಕದ ಮನೆಯ ಸೌನಾಕ್ಕೆ ಹೋಗಬೇಕು. ಅಲ್ಲಿ ಕಲ್ಲು ಬಿಸಿಯಾಗುವ ಮೊದಲೇ ಮಾತು ಬಿಸಿಯಾಗುತ್ತದೆ, ಬೆವರುವುದಕ್ಕೆ ಪುರುಸೊತ್ತಿಲ್ಲ ಎನ್ನುತ್ತಿದ್ದಳು ಅಜ್ಜಿ. ಹೋದ ಎರಡು ವಾರ ಹೋಗಲೇ ಇಲ್ಲ. ಬಕೆಟಿನ ನೀರಲ್ಲಿ ಮೈ ಒರೆಸಿಕೊಂಡು ಮಲಗಿಬಿಟ್ಟಳು.

ಸೈಮಿ ದಿಮ್ಮಿಯ ಸುತ್ತ ಒಂದು ಸುತ್ತು ಬಂದಳು. ಬೂಟಿನಿಂದ ದಿಮ್ಮಿಯ ಪಕ್ಕೆಗೆ ಒಮ್ಮೆ ಒದ್ದಳು. ಸಿಟ್ಟಿಗೆ ಒದ್ದದ್ದು. ಆದರೆ ಒದ್ದ ಕೂಡಲೇ ಕಾಲಿಗೆ ಏನೋ ನೆನಪಾದಂತಾಯಿತು.

ದಿನಾ ಬೆಳಿಗ್ಗೆ ಸ್ಕೂಲ್ ಬಸ್ಸಿನ ಸ್ಟಾಪಿಗೆ ಅವಳು ಒದೆಗಾಡಿಯಲ್ಲಿ ಹೋಗುತ್ತಿದ್ದಳು. ಎರಡು ಉದ್ದ ಕಬ್ಬಿಣದ ಪಟ್ಟಿಯ ಮೇಲೆ ಒಂದು ಕುರ್ಚಿ, ಹಿಂದೆ ನಿಂತು ಒದೆಯುತ್ತ ಜಾರುವುದು. ರಾತ್ರಿಯೆಲ್ಲ ಅಂಗಳದಲ್ಲಿ ಬಿಟ್ಟರೆ ಪಟ್ಟಿಗಳು ನೆಲಕ್ಕೆ ಹೆಪ್ಪುಗಟ್ಟುತ್ತವೆ. ಮುಂದಕ್ಕೆ ಎಷ್ಟು ತಳ್ಳಿದರೂ ಹೊರಡುವುದಿಲ್ಲ. ಪಕ್ಕಕ್ಕೆ ಒಂದು ಒದೆ ಕೊಟ್ಟರೆ ಚಟ್ಟೆಂದು ಬಿಟ್ಟುಕೊಳ್ಳುತ್ತದೆ. ಆ ಊರಿನ ನಾಲ್ಕು ವರ್ಷದ ಮಗುವಿಗೂ ಅದು ಗೊತ್ತು.

“ಅಮ್ಮ,” ಎಂದಳು ಸೈಮಿ, “ಇದನ್ನ ಮುಂದಕ್ಕೆ ಎಳೀಬೇಡ. ಪಕ್ಕಕ್ಕೆ ಉರುಳಿಸು.”

“ಉರುಳಿಸ್ತಾಳಂತೆ! ಲಟ್ಟಣಿಗೆ ನೋಡು ಅದು,” ಎಂದು ಯೋಯೆಲ್ ನಕ್ಕ.

ಅಮ್ಮ ನಗಲಿಲ್ಲ. ದಿಮ್ಮಿ ನೋಡಿದಳು, ಪಕ್ಕದಲ್ಲಿದ್ದ ಗಟ್ಟಿ ಬರ್ಚ್ ಮರ ನೋಡಿದಳು. ಆಮೇಲೆ ಗಾಡಿಯಿಂದ ಇಳಿದು ಪೆಟ್ಟಿಗೆಯಲ್ಲಿದ್ದ ರಾಟೆ ಹುಡುಕತೊಡಗಿದಳು.

ಕೇಬಲನ್ನು ದಿಮ್ಮಿಗೆ ಪೂರ್ತಿ ಸುತ್ತಬೇಕಿತ್ತು. ಅಂದರೆ ಅಡಿಯಿಂದ ತೂರಿಸಬೇಕು. ಒಂದು ಕಡೆ ನೆಲ ತಗ್ಗಿದ್ದಲ್ಲಿ ಸೈಮಿ ಮಂಡಿಯೂರಿ ಕೂತು ಕೋಲಿನಿಂದ ಸಣ್ಣ ಬಿಲ ತೋಡಿದಳು. ಹಗ್ಗವಾಗಿದ್ದರೆ ಅಲ್ಲಿ ಮುದುಡಿಕೊಂಡು ನಿಲ್ಲುತ್ತಿತ್ತು. ಬಿರುಸಾದ ಕೇಬಲ್ ದಬ್ಬಳದಂತೆ ನೇರ ಆಚೆ ಹೊರಟಿತು. ಆ ಕಡೆ ಹೊಟ್ಟೆಯ ಮೇಲೆ ಮಲಗಿ ಅದರ ತುದಿ ಹಿಡಿದೆಳೆದವನು ಯೋಯೆಲ್. ಅವನ ಕತ್ತಿನೊಳಗೆಲ್ಲ ಹಿಮ. ನೋಡಿದ್ರಾ, ಕೊನೆಗೂ ಕೇಬಲ್ಲೇ ಬೇಕಾಯ್ತು ಎಂದು ಅಲ್ಲಿಂದಲೇ ಹೇಳಿದ.

ಅಮ್ಮ ಹುಕ್ ಸಿಕ್ಕಿಸಿ, ಕೇಬಲನ್ನು ದಿಮ್ಮಿಯ ಮೇಲಿನಿಂದ ತಂದು, ಬರ್ಚ್ ಮರಕ್ಕೆ ಕಟ್ಟಿದ ರಾಟೆಯಲ್ಲಿ ಹಾಯಿಸಿ ಗಾಡಿಗೆ ಬಿಗಿದಳು. ಮಕ್ಕಳು ಮತ್ತೆ ಮರದ ಹಿಂದೆ ಹೋದರು. ಸೈಮಿ ಕಣ್ಣು ಮುಚ್ಚಿಕೊಂಡಳು.

ಚಟ್. ಚಟಚಟಚಟ.

ಅಡುಗೆಮನೆಯಲ್ಲಿ ಐಸ್ ಟ್ರೇ ತಿರುಚಿದಂಥ ಸದ್ದು. ಕಣ್ಣು ಬಿಟ್ಟಾಗ ದಿಮ್ಮಿ ಮಗ್ಗುಲು ಬದಲಾಯಿಸಿ, ಬೆನ್ನಿಗೆ ಮಂಜಿನ ಪುಡಿ ಮೆತ್ತಿಕೊಂಡು ಬೇರೆ ಜಾಗದಲ್ಲಿ ಮಲಗಿತ್ತು.

ಅದು ಎದ್ದು ಹೋದ ಗುಂಡಿಯಲ್ಲಿ, ಮಂಜುಗಡ್ಡೆಯೊಳಗೆ, ನಾಲ್ಕು ಬರ್ಚ್ ಬರಲುಗಳು ಕಾಣುತ್ತಿದ್ದವು.

ಯೋಯೆಲ್ ಅವನ್ನು ನೋಡಿದ. ತಂಗಿಯ ಮುಖ ನೋಡಿದ. ಅವನ ಬಾಯಿ ತೆರೆಯಿತು. ಆದರೆ ಅಮ್ಮ, ನೈಲಾನ್ ಹಗ್ಗ ತಗೊಂಡು ಬಾ, ದಾರಿ ಉದ್ದ ಇದೆ ಎಂದಳು. ಅವನು ಹೋದ.

ದಿಮ್ಮಿಯ ಮೂತಿಯನ್ನು ಜಾರುಗಾಡಿಯ ಮೇಲೆ ಎತ್ತಿ ಕಟ್ಟಿದರು. ಮೂತಿ ನೆಲಕ್ಕೆ ತಾಗಿದರೆ ಹಿಮವನ್ನು ಉಳುತ್ತ ಹೋಗುತ್ತದೆ. ಇನ್ನು ಹಗ್ಗವೇ ಸಾಕಿತ್ತು. ಜೌಗಿನ ಮೇಲೆ ಅಮ್ಮ ನಿನ್ನೆ ಸಂಜೆಯೇ ಗಾಡಿ ಓಡಿಸಿ ಹಿಮ ಒತ್ತಿ ಬಂದಿದ್ದಳು. ರಾತ್ರಿಯ ಚಳಿಗೆ ದಾರಿ ಕಲ್ಲಾಗಿತ್ತು. ದಿಮ್ಮಿ ಶ್ಶ್ ಎನ್ನುತ್ತ ಹಿಂದೆ ಬಂತು. ಮಕ್ಕಳು ಸ್ಕೀ ಹಾಕಿಕೊಂಡು ಅದರ ಹಿಂದೆ ಬಂದರು.

ಸೌನಾ ಇದ್ದ ಕೆರೆದಂಡೆಯ ಕಡೆಗೆ ಇಳಿಜಾರು ಶುರುವಾಗುವಲ್ಲಿ ಅಮ್ಮ ನಿಲ್ಲಿಸಿದಳು. ಇಲ್ಲಿ ಏನು ಮಾಡೋಣ ಎಂಬಂತೆ ಸೈಮಿಯ ಕಡೆ ನೋಡಿದಳು.

ಸೈಮಿ ಇಳಿಜಾರು ನೋಡಿದಳು. ಹಗ್ಗ ಎಳೆಯಬಲ್ಲದು, ತಡೆಯಲಾರದು. ಕೇಬಲ್ ಆದರೂ ಅಷ್ಟೇ. ಇಳಿಯುವಾಗ ದಿಮ್ಮಿ ತಾನಾಗಿ ಜಾರಿ ಬಂದು ಅಮ್ಮನ ಬೆನ್ನಿಗೇ ಗುದ್ದುತ್ತದೆ.

“ಚೈನು,” ಎಂದಳು. “ಬಾಲಕ್ಕೆ ಸುತ್ತೋಣ. ಅದು ಹಿಮನ ಕಚ್ಚಿ ಹಿಡಿಯುತ್ತೆ.”

ಚೈನು ಭಾರವಿತ್ತು. ಯಾರನ್ನೂ ಕರೆಯದೆ ಅವಳೇ ಎರಡೂ ಕೈಯಲ್ಲಿ ಅಪ್ಪಿಕೊಂಡು ತಂದಳು. ಮೂರು ಸುತ್ತು ಸುತ್ತಿ ಹುಕ್ ಹಾಕಿದಳು. ಯೋಯೆಲ್ ಜಗ್ಗಿ ನೋಡಿದ. ಬಿಚ್ಚಿ ಮತ್ತೆ ಸುತ್ತಲು ಹೋಗಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಹೊಗಳಿಕೆಯೇ.

ದಿಮ್ಮಿ ಗೊಣಗುತ್ತ, ಹಿಮ ಕೆರೆಯುತ್ತ, ಅಮ್ಮನ ಹಿಂದೆಯೇ ನಿಧಾನವಾಗಿ ಇಳಿಯಿತು.

ಅಜ್ಜಿ ಸೌನಾದ ಮುಂದೆ ಶಾಲು ಹೊದ್ದು ನಿಂತಿದ್ದಳು. ದಿಮ್ಮಿಯ ತೊಗಟೆಯನ್ನು ಚಾಕುವಿನಿಂದ ಚೂರು ಕೆತ್ತಿ ಮೂಗಿಗೆ ಹಿಡಿದಳು. ಈಸ್ಟರ್ ಆದ ಮೇಲಿನ ಶನಿವಾರ ತಾನೆಲ್ಲಿಗೂ ಹೋಗುವುದಿಲ್ಲವೆಂದು ಪಕ್ಕದ ಮನೆಗೆ ಹೇಳಿ ಬಾ ಎಂದು ಯೋಯೆಲ್‌ನನ್ನು ಕಳಿಸಿದಳು. ಸ್ವಲ್ಪ ಗಟ್ಟಿಯಾಗಿಯೇ ಹೇಳು ಎಂದಳು.

ಅಜ್ಜಿ ಒಳಗೆ ಹೋದ ಮೇಲೆ ಅಮ್ಮ ಕೇಬಲ್ ಸುತ್ತಲು ಕೂತಳು. ಚಳಿಗೆ ಸೆಟೆದ ಕೇಬಲ್ ಸುತ್ತಿದಷ್ಟೂ ಸುರುಳಿ ಬಿಚ್ಚಿಕೊಂಡು ಪುಟಿಯುತ್ತಿತ್ತು. ಸೈಮಿ ಎದುರಿಗೆ ಬಂದು ಕೂತಳು.

“ಅಮ್ಮ, ಆ ಕೋಲು...”

“ಗೊತ್ತು.”

“ಇವತ್ತು ನೋಡಿದ್ಯಲ್ಲ, ಅದಕ್ಕಾ?”

“ಇಲ್ಲ ಪುಟ್ಟಿ. ಅವತ್ತೇ ನೋಡಿದ್ದೆ, ಸಣ್ಣದಾಯ್ತು ಅಂತ.” ಅಮ್ಮ ಕೇಬಲಿನಿಂದ ಕಣ್ಣೆತ್ತಲಿಲ್ಲ. “ಬದಲಾಯಿಸಬೇಕಿತ್ತು. ನಂಗೂ ಸಾಕಾಗಿತ್ತು ಅವತ್ತು. ಇಷ್ಟು ಸಾಕು ಬಿಡು ಅಂದ್ಕೊಂಡೆ.”

ಸೈಮಿ ಅಮ್ಮನನ್ನು ನೋಡಿದಳು. ಅಪ್ಪ ದೂರದ ಗಣಿಯ ಕೆಲಸಕ್ಕೆ ಹೋಗಿ ಮೂರನೆಯ ವಾರ. ಮರ ಕಡಿದವಳು ಅಮ್ಮ, ಅವತ್ತು ಸಂಜೆ ಬಂದು ಅಡುಗೆ ಮಾಡಿದವಳೂ ಅಮ್ಮ. ಅಮ್ಮನಿಗೂ ಕಾಲು ಸೋಲುತ್ತದೆಂದು ಸೈಮಿ ಇದುವರೆಗೆ ಯೋಚಿಸಿಯೇ ಇರಲಿಲ್ಲ.

ಸುರುಳಿ ಮತ್ತೆ ಪುಟಿಯಿತು. ಸೈಮಿ ಕೈಚಾಚಿ ಅದನ್ನು ಒತ್ತಿ ಹಿಡಿದಳು.

“ನಾನು ಹಿಡ್ಕೋತೀನಿ,” ಎಂದಳು. “ನೀನು ನಿಧಾನಕ್ಕೆ ಸುತ್ತು.”